ನಿಂತಲ್ಲಿಯೇ ನಡೆಸುವ ಪಾದುಕೆಗಳು

ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವನು ರಚಿಸಿದ ಕಥಾಸರಿತ್ಸಾಗರದ ಮೊದಲನೆಯ ಲಂಬಕದಲ್ಲಿ ಪುತ್ರಕನೆಂಬುವನ ಕಥೆಯೊಂದಿದೆ. ವಿಂಧ್ಯಾಟವಿಯಲ್ಲಿ ಅಲೆಯುತ್ತಿದ್ದ ಪುತ್ರಕನು, ಮಯಾಸುರನ ಮಕ್ಕಳಿಬ್ಬರು ಒಂದು ಪಾತ್ರೆ, ಒಂದು ದಂಡ, ಒಂದು ಜೊತೆ ಪಾದುಕೆ ಇವುಗಳಿಗಾಗಿ ಹೊಡೆದಾಡುತ್ತಿರುವುದನ್ನು ಕಂಡು, ಓಟದಲ್ಲಿ ಗೆದ್ದವನಿಗೆ ಇವು ಸಲ್ಲತಕ್ಕುವೆಂದು ತೀರ್ಪು ಹೇಳುತ್ತಾನೆ. ಆ ಮೂಢರು ಓಡತೊಡಗಿದೊಡನೆಯೇ ತಾನು ಪಾದುಕೆಗಳನ್ನು ಮೆಟ್ಟಿಕೊಂಡು, ಉಳಿದೆರಡು ವಸ್ತುಗಳನ್ನೂ ಎತ್ತಿಕೊಂಡು ಆಕಾಶಮಾರ್ಗದಲ್ಲಿ ಹೊರಟುಹೋಗುತ್ತಾನೆ. ಓಡಿದವರು ಎಲ್ಲಿಗೂ ಮುಟ್ಟಲಿಲ್ಲ; ಓಡದವನು ಪಾಟಲೀಪುತ್ರವನ್ನು ಸ್ಥಾಪಿಸಿದನು. ನಡೆಯುವ ಶ್ರಮವಿಲ್ಲದೆ ದೂರಕ್ಕೆ ಒಯ್ಯುವ ಪಾದರಕ್ಷೆಯ ಕಲ್ಪನೆ ನಮ್ಮ ದೇಶದ ಕಥೆಗಳಲ್ಲಿ ಮಾತ್ರವೇ ಅಲ್ಲದೆ ಐರೋಪ್ಯರ ಕಥೆಗಳಲ್ಲಿಯೂ ಉಂಟು. ಫ್ರಾನ್ಸಿನ ಪೆರೋ ಎಂಬ ಗ್ರಂಥಕಾರನು 1697ರಲ್ಲಿ ಪ್ರಕಟಿಸಿದ ಕಥೆಗಳಲ್ಲಿ ಒಂದೇ ಹೆಜ್ಜೆಗೆ ಏಳು ಹರದಾರಿ ದಾಟಿಸುವ ಬೂಟುಗಳು ಬರುತ್ತವೆ.

ಈ ಕಲ್ಪನೆಯನ್ನು ತಲೆಕೆಳಗು ಮಾಡಿದ ಪಾದರಕ್ಷೆಯೊಂದು ಜಪಾನ್ ದೇಶದ ತ್ಸುಕುಬಾ ವಿಶ್ವವಿದ್ಯಾನಿಲಯದಲ್ಲಿ 1989ರಲ್ಲಿ ತಯಾರಾಯಿತು. ಅದನ್ನು ಧರಿಸಿದವನು ಎಷ್ಟು ಹೆಜ್ಜೆಗಳನ್ನಿಟ್ಟರೂ ನಿಂತ ಸ್ಥಳದಿಂದ ಒಂದು ಮೊಳವೂ ಮುಂದಕ್ಕೆ ಹೋಗಲಾರನು. ಆದರೆ ಅವನ ಕಣ್ಣಿನ ಮುಂದೆ ಓಣಿಗಳೂ ಮನೆಗಳೂ ಒಂದೊಂದಾಗಿ ಹಿಂದೆ ಸರಿಯುತ್ತಿರುತ್ತವೆ. ಶ್ರಮವನ್ನು ಉಳಿಸಿಕೊಂಡು ದೂರವನ್ನು ತೆಗೆದುಹಾಕುವ ಈ ಪ್ರಯತ್ನ ಯಾರಿಗೆ, ಯಾವ ಪ್ರಯೋಜನಕ್ಕಾಗಿ ಬೇಕಾಯಿತೆಂಬುದೂ, ಅದು ಯಾವ ಯಾವ ಮಾರ್ಗಗಳನ್ನು ಹಿಡಿದು ಎಲ್ಲಿಗೆ ಬಂದು ಮುಟ್ಟಿತೆಂಬುದೂ ವಿಚಾರಾರ್ಹವಾಗಿವೆ.

ಗಣಕಯಂತ್ರವು ಕ್ಷಣಕ್ಷಣಕ್ಕೂ ಬರೆಯುತ್ತಿರುವ ಚಿತ್ರಗಳನ್ನು ಎರಡು ಕಣ್ಣುಗಳಿಗೂ ಬೇರೆ ಬೇರೆಯಾಗಿ ತೋರಿಸಿ, ತಲೆ ತಿರುಗಿದ ಕಡೆಗೆ ಚಿತ್ರವನ್ನೂ ತಿರುಗಿಸಿ, ನೋಡುವವನನ್ನು ಬೇರೊಂದು ಸ್ಥಳದ ಮಧ್ಯದಲ್ಲಿ ನಿಲ್ಲಿಸಿದಂತೆ ಮಾಡುವ ವಿದ್ಯೆಗೆ ವರ್ಚುವಲ್ ರಿಯಾಲಿಟಿ ಎಂದು ಹೆಸರು. ಕನ್ನಡದಲ್ಲಿ ಮಿಥ್ಯಾವಾಸ್ತವವೆಂಬ ಪದವೂ ಬಳಕೆಗೆ ಬಂದಿದೆ. ವೇದಾಂತಿಗಳ ಪರಿಭಾಷೆಯನ್ನು ಬಲ್ಲವರಿಗೆ ಪ್ರಾತಿಭಾಸಿಕವೆಂಬ ಶಬ್ದ ನೆನಪಿಗೆ ಬರುವುದು ಸಹಜ. ಆದರೆ ಎರಡಕ್ಕೂ ಒಂದು ಭೇದವುಂಟು. ಹಗ್ಗವೆಂದು ತಿಳಿದ ಕೂಡಲೇ ಹಾವು ಮಾಯವಾಗುತ್ತದೆ, ಭಯವೂ ಹೋಗುತ್ತದೆ. ಇಲ್ಲಿಯಾದರೋ ತಾನು ಕಾಣುತ್ತಿರುವುದು ಸುಳ್ಳೆಂದು ನೋಡುವವನಿಗೆ ಮೊದಲಿನಿಂದಲೂ ತಿಳಿದಿರುತ್ತದೆ. ತಿಳಿದಿದ್ದರೂ ಎದೆ ಹೊಡೆದುಕೊಳ್ಳುವುದು ನಿಲ್ಲುವುದಿಲ್ಲ. ಬುದ್ಧಿಗೂ ದೇಹಕ್ಕೂ ನಡುವೆ ಇರುವ ಈ ವ್ಯತ್ಯಾಸವೇ ಮುಂದೆ ಹೇಳುವ ಪ್ರಯತ್ನಗಳೆಲ್ಲಕ್ಕೂ ಮೂಲ. ಈ ಪ್ರಬಂಧದಲ್ಲಿ ಅಂತಹ ಪ್ರಪಂಚವನ್ನು ತೋರಿಕೆಯ ಲೋಕವೆಂದು ಕರೆದಿದೆ.

ಇದ್ದಲ್ಲಿಯೇ ಇದ್ದು ದೂರ ನಡೆದಂತೆ ತೋರಿಸುವ ಉಪಾಯ ಹೊಸದೇನೂ ಅಲ್ಲ. ಭರತನ ನಾಟ್ಯಶಾಸ್ತ್ರದಲ್ಲಿ ಗತಿಪ್ರಚಾರಕ್ಕೇ ಒಂದು ಅಧ್ಯಾಯ ಮೀಸಲಾಗಿದೆ. ಕತ್ತಲೆಯಲ್ಲಿ ನಡೆಯುವವನು, ರಥವನ್ನೇರುವವನು, ಪ್ರಾಸಾದವನ್ನೋ ಬೆಟ್ಟವನ್ನೋ ಹತ್ತುವವನು, ನೀರಿಗಿಳಿಯುವವನು, ಇವರಲ್ಲಿ ಒಬ್ಬೊಬ್ಬರ ಹೆಜ್ಜೆ ಹೇಗಿರತಕ್ಕದ್ದೆಂಬುದನ್ನು ಅಲ್ಲಿ ವಿಧಿಸಿದೆ. ರಂಗವನ್ನು ಕಕ್ಷ್ಯೆಗಳಾಗಿ ವಿಭಾಗಿಸಿ, ನಟನು ಪರಿಕ್ರಮಣ ಮಾಡಿದೊಡನೆ ಸ್ಥಳವೇ ಬದಲಾಯಿತೆಂದು ಪ್ರೇಕ್ಷಕರು ಗ್ರಹಿಸಬೇಕೆಂಬ ಸಂಕೇತವೂ ಅದೇ ಗ್ರಂಥದಲ್ಲಿದೆ. ಆದರೆ ಅಲ್ಲಿ ಭ್ರಾಂತಿಯುಂಟಾಗಬೇಕಾದುದು ನೋಡುವವನಿಗೆ, ನಡೆಯುವವನಿಗಲ್ಲ. ಮೆಟ್ಟಿಲುಗಳನ್ನು ಅಭಿನಯಿಸುವ ನಟನ ಕಾಲಿನ ಕೆಳಗೆ ಮೆಟ್ಟಿಲಿಲ್ಲವೆಂಬುದು ಅವನ ಕಾಲಿಗೆ ಚೆನ್ನಾಗಿ ಗೊತ್ತು.

ಇನ್ನೊಂದು ಪೂರ್ವಜವೂ ಇದೆ. ಅದರ ಚರಿತ್ರೆ ಅಷ್ಟು ಪ್ರಿಯವಾದುದಲ್ಲ. ಈಗ ವ್ಯಾಯಾಮಶಾಲೆಗಳಲ್ಲಿ ಕಾಣುವ ಟ್ರೆಡ್‌ಮಿಲ್ಲಿನ ಹೆಸರು ಬಂದುದು ಇಂಗ್ಲೆಂಡಿನ ಸೆರೆಮನೆಗಳಿಂದ. ವಿಲಿಯಂ ಕ್ಯೂಬಿಟ್ ಎಂಬ ಯಂತ್ರಶಿಲ್ಪಿಯು ಹತ್ತೊಂಬತ್ತನೆಯ ಶತಮಾನದ ಎರಡನೆಯ ದಶಕದ ಕೊನೆಯಲ್ಲಿ ಕೈದಿಗಳನ್ನು ದುಡಿಸಿಕೊಳ್ಳಲು ಮೆಟ್ಟಿಲುಗಳುಳ್ಳ ದೊಡ್ಡ ಚಕ್ರವೊಂದನ್ನು ಯೋಜಿಸಿದನು. 1821ರಲ್ಲಿ ಲಂಡನ್ನಿನ ಬ್ರಿಕ್ಸ್‌ಟನ್ ಸೆರೆಮನೆಯಲ್ಲಿ ಸ್ಥಾಪಿತವಾದ ಚಕ್ರವು ಪ್ರಸಿದ್ಧವಾಯಿತು. ಗಂಟೆಗಟ್ಟಲೆ ಹತ್ತಿದರೂ ಎಲ್ಲಿಗೂ ಏರದಿರುವುದೇ ಅಲ್ಲಿ ಶಿಕ್ಷೆ. ಈ ಕ್ರೂರಯಂತ್ರದ ಸಮತಟ್ಟಾದ ತಮ್ಮನು ನಾಟಕಶಾಲೆಯನ್ನು ಸೇರಿದನು. 1899ರಲ್ಲಿ ನ್ಯೂಯಾರ್ಕಿನಲ್ಲಿ ಆಡಿದ ‘ಬೆನ್‌ಹರ್’ ನಾಟಕದ ರಥಸ್ಪರ್ಧೆಯಲ್ಲಿ ನಿಜವಾದ ಕುದುರೆಗಳು ಹಿಂದಕ್ಕೆ ಸರಿಯುವ ಪಟ್ಟಿಗಳ ಮೇಲೆ ನಾಗಾಲೋಟದಿಂದ ಓಡುತ್ತಿದ್ದರೂ ಪ್ರೇಕ್ಷಕರ ಕಣ್ಣಿನ ಮುಂದೆಯೇ ನಿಂತಿದ್ದವು. ಕುದುರೆಗಳಿಗೆ ಏನೆನಿಸಿತೆಂಬುದನ್ನು ಯಾರೂ ವಿಚಾರಿಸಲಿಲ್ಲ.

ತೋರಿಕೆಯ ಲೋಕದ ನಿಜವಾದ ಆರಂಭ ಅಮೆರಿಕದ ಐವನ್ ಸದರ್ಲೆಂಡ್ ಅವರಿಂದ. 1965ರಲ್ಲಿ ಅವರು ಬರೆದ ಚಿಕ್ಕ ಪ್ರಬಂಧವೊಂದರಲ್ಲಿ, ಕಣ್ಣಿಗೆ ಮಾತ್ರವಲ್ಲದೆ ಸಾಧ್ಯವಾದಷ್ಟು ಇಂದ್ರಿಯಗಳಿಗೆ ಗೋಚರಿಸುವ ಲೋಕವನ್ನು ಗಣಕಯಂತ್ರವು ಒದಗಿಸಬೇಕೆಂಬ ಆಶಯ ವ್ಯಕ್ತವಾಗಿದೆ. 1968ರಲ್ಲಿ ಅವರು ತಲೆಗೆ ಕಟ್ಟಿಕೊಳ್ಳುವ ದೃಶ್ಯಯಂತ್ರವನ್ನು ವರ್ಣಿಸಿದರು. ಈಗ ಹೆಡ್‌ಸೆಟ್ ಎನ್ನುವ ಉಪಕರಣಗಳಿಗೆಲ್ಲ ಅದೇ ಮೂಲಪುರುಷ. ತಲೆಯ ಸ್ಥಾನವನ್ನು ಅಳೆಯುವ ಕಬ್ಬಿಣದ ತೋಳು ಮೇಲ್ಛಾವಣಿಯಿಂದ ಇಳಿದುಬಂದು ಧರಿಸಿದವನ ನೆತ್ತಿಯ ಮೇಲೆ ತೂಗುತ್ತಿದ್ದುದರಿಂದ ಅದಕ್ಕೆ ‘ಡಾಮೊಕ್ಲಿಸನ ಖಡ್ಗ’ವೆಂಬ ಅಡ್ಡಹೆಸರು ಬಂದಿತು. ಆ ತೋಳು ಅನುಮತಿಸುತ್ತಿದ್ದ ಸಂಚಾರ ಸುಮಾರು ಆರಡಿ ಅಗಲದ ವೃತ್ತ. ಗಾಳಿಯಲ್ಲಿ ತೇಲುವ ರೇಖಾಚಿತ್ರದ ಘನವೊಂದರ ಸುತ್ತ ಎರಡು ಮೂರು ಹೆಜ್ಜೆ ಹಾಕಿ ಅದರ ಪಕ್ಕಗಳನ್ನು ನೋಡಬಹುದಾಗಿತ್ತು; ಅಷ್ಟೇ. ಆದರೂ ಆ ಎರಡು ಮೂರು ಹೆಜ್ಜೆಗಳು ನಿಜವಾದ ಹೆಜ್ಜೆಗಳೆಂಬುದನ್ನು ಮರೆಯಲಾಗದು. ಮುಂದೆ ಬಹುಕಾಲದವರೆಗೆ ಈ ಕಾಲ್ನಡಿಗೆ ಕೈಬಿಟ್ಟುಹೋಗಿ, ಕೈಯಲ್ಲಿ ಹಿಡಿದ ಗುಂಡಿಯನ್ನೊತ್ತಿ ‘ಹಾರುವ’ ರೂಢಿಯೇ ಬಲವಾಯಿತು.

ಕಾಲ್ನಡಿಗೆಯ ಅವಶ್ಯಕತೆಯನ್ನು ಮೊದಲು ಗಂಭೀರವಾಗಿ ಎತ್ತಿದವರು ಉತ್ತರ ಕೆರೊಲೈನ ವಿಶ್ವವಿದ್ಯಾನಿಲಯದ ಫ್ರೆಡರಿಕ್ ಬ್ರೂಕ್ಸ್. ತಮ್ಮ ವಿಭಾಗಕ್ಕೆ ಕಟ್ಟಲಿದ್ದ ಸಿಟರ್ಸನ್ ಭವನವನ್ನು ಕಟ್ಟುವುದಕ್ಕೆ ಮುಂಚೆಯೇ ಅದರೊಳಗೆ ಸುತ್ತಾಡಿ ನೋಡುವ ವ್ಯವಸ್ಥೆಯನ್ನು ಅವರು 1986ರಲ್ಲಿ ವರ್ಣಿಸಿದರು. ಅವರ ಪ್ರಯೋಗಶಾಲೆಯಲ್ಲಿ ಸೈಕಲ್ಲಿನಂತಹ ಹಿಡಿಯನ್ನು ಅಳವಡಿಸಿದ ಟ್ರೆಡ್‌ಮಿಲ್ ಒಂದು ಸಿದ್ಧವಾಯಿತು: ಕಾಲಿನಿಂದ ನಡೆಯುವುದು, ಕೈಯಿಂದ ದಿಕ್ಕನ್ನು ತಿರುಗಿಸುವುದು. ನಕ್ಷೆಯ ಮೇಲೆ ಇಷ್ಟಡಿ ಎಂದು ಓದಿದುದಕ್ಕೂ ಅಷ್ಟುದ್ದವನ್ನು ಕಾಲಿನಿಂದ ಅಳೆದುದಕ್ಕೂ ಇರುವ ಅಂತರವನ್ನು ಮನೆ ಕಟ್ಟಿಸಿದವರೆಲ್ಲ ಬಲ್ಲರು.

ಬಳಿಕ ಲಂಡನ್ನಿನಲ್ಲಿ ಮೆಲ್ ಸ್ಲೇಟರ್, ಮಾರ್ಟಿನ್ ಉಸೋ, ಆಂಥೊನಿ ಸ್ಟೀಡ್ ಎಂಬವರು, ಯಾವ ಪಟ್ಟಿಯೂ ಇಲ್ಲದೆ ನಿಂತಲ್ಲಿಯೇ ಕಾಲೆತ್ತಿ ಇಡುವುದರಿಂದ ತಲೆಯಲ್ಲಿ ಉಂಟಾಗುವ ಏರಿಳಿತವನ್ನು ಗುರುತಿಸಿ ಅದನ್ನೇ ನಡಿಗೆಯೆಂದು ಗ್ರಹಿಸುವ ಕ್ರಮವನ್ನು 1995ರಲ್ಲಿ ಪ್ರಕಟಿಸಿದರು. 1999ರಲ್ಲಿ ಉಸೋ ಮೊದಲಾದವರು ಕೆರೊಲೈನದವರೊಡನೆ ಸೇರಿ ಹಾರುವುದು, ನಿಂತಲ್ಲಿ ಹೆಜ್ಜೆಯಿಡುವುದು, ನಿಜವಾಗಿ ನಡೆಯುವುದು ಈ ಮೂರನ್ನೂ ಹೋಲಿಸಿದರು. ಆ ಲೇಖನದ ಶೀರ್ಷಿಕೆಯಲ್ಲಿಯೇ ನಿರ್ಣಯವಿದೆ. ಅದು ಒಂದು ಅಸಮತೆಯ ಸೂತ್ರ, ಅದರಲ್ಲಿ ನಿಜವಾದ ನಡಿಗೆ ಮೊದಲು, ಹಾರಾಟ ಕೊನೆ.

ಇದೇ ಕೆರೊಲೈನದ ಪ್ರಯೋಗಶಾಲೆಯಲ್ಲಿ ನಡೆದ ಇನ್ನೊಂದು ಪರೀಕ್ಷೆ ಇಡೀ ಇತಿಹಾಸದ ಕೀಲಿಯೆಂದು ಹೇಳಬಹುದಾಗಿದೆ. ತೋರಿಕೆಯ ಲೋಕದಲ್ಲಿ ಒಂದು ಕೊಠಡಿ. ಅದರ ಬಾಗಿಲಿನಾಚೆ ಮತ್ತೊಂದು ಕೊಠಡಿ, ಅದರ ನೆಲವೆಲ್ಲ ಸುಮಾರು ಇಪ್ಪತ್ತಡಿ ಆಳದ ಹಳ್ಳ. ಗೋಡೆಯ ಸುತ್ತ ಕಿರಿದಾದ ಜಗಲಿ ಮಾತ್ರ. ಹೆಡ್‌ಸೆಟ್ ಧರಿಸಿದವನು ಆ ಜಗಲಿಯ ಅಂಚಿಗೆ ಬರಬೇಕು. ನಿಜವಾದ ಕೋಣೆಯಲ್ಲಿ ಹಳ್ಳವೂ ಇಲ್ಲ, ಜಗಲಿಯೂ ಇಲ್ಲ, ಸಮನಾದ ನೆಲ. ಮೈಕೇಲ್ ಮೀಹನ್, ಬ್ರೆಂಟ್ ಇನ್ಸ್ಕೊ, ಮೇರಿ ವಿಟನ್, ಬ್ರೂಕ್ಸ್ ಇವರು ನೋಡುವವರ ನಾಡಿಯ ಬಡಿತ, ಚರ್ಮದ ಬೆವರು, ಉಷ್ಣತೆಗಳನ್ನು ಅಳೆದು 2002ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದರು. ಹಳ್ಳವನ್ನು ಕಂಡೊಡನೆ ನಾಡಿಯ ವೇಗ ಹೆಚ್ಚಿತು. ಇದು ನಿರೀಕ್ಷಿತವೇ. ಸ್ವಾರಸ್ಯವಿರುವುದು ಮುಂದಿನ ಸಂಗತಿಯಲ್ಲಿ. ಜಗಲಿಯ ಅಂಚು ತೋರುವ ಸ್ಥಳದಲ್ಲಿಯೇ ನಿಜವಾದ ನೆಲದ ಮೇಲೆ ಒಂದೂವರೆ ಅಂಗುಲ ದಪ್ಪದ ಮರದ ಹಲಗೆಯನ್ನಿಟ್ಟು, ಕಾಲಿನ ತುದಿಗೆ ಅದರ ಅಂಚು ತಗಲುವಂತೆ ಮಾಡಿದಾಗ ನಾಡಿಯ ವೇಗ ಇನ್ನಷ್ಟು ಏರಿತು. ಕಣ್ಣು ತೋರಿಸಿದ ಇಪ್ಪತ್ತಡಿಯ ಹಳ್ಳಕ್ಕೆ ಕಾಲು ಒಂದೂವರೆ ಅಂಗುಲದ ಸಾಕ್ಷ್ಯ ನುಡಿಯಿತು, ದೇಹವು ನಂಬಿತು. ಇಪ್ಪತ್ತಡಿಯನ್ನು ನಂಬಿಸಲು ಇಪ್ಪತ್ತಡಿ ಅಗೆಯಬೇಕಾಗಿಲ್ಲವೆಂಬುದು ಈ ಪರೀಕ್ಷೆಯ ತಾತ್ಪರ್ಯ. ಆದರೆ ಈ ತಾತ್ಪರ್ಯವನ್ನು ಯಂತ್ರಶಿಲ್ಪಿಗಳು ಪೂರ್ಣವಾಗಿ ಗ್ರಹಿಸಲು ಕಾಲ ಹಿಡಿಯಿತು. ಅವರಲ್ಲಿ ಬಹುಮಂದಿ ನೆಲವನ್ನೇ ಅಲುಗಾಡಿಸುವ ಸಾಹಸದಲ್ಲಿ ತೊಡಗಿದ್ದರು.

ಆ ಸಾಹಸದ ಕಷ್ಟವೇನೆಂಬುದನ್ನು ಸ್ವಲ್ಪ ವಿವರವಾಗಿ ನೋಡತಕ್ಕದ್ದಾಗಿದೆ. ಸಮವೇಗದಲ್ಲಿ ಸರಿಯುವ ಪಟ್ಟಿಯ ಮೇಲೆ ಸಮವೇಗದಿಂದ ನಡೆಯುವವನಿಗೂ ಸ್ಥಿರವಾದ ನೆಲದ ಮೇಲೆ ನಡೆಯುವವನಿಗೂ ಚಲನಶಾಸ್ತ್ರದ ದೃಷ್ಟಿಯಿಂದ ಭೇದವಿಲ್ಲ. ಗೆಲಿಲಿಯೋ 1632ರಲ್ಲಿಯೇ ಹಡಗಿನ ದೃಷ್ಟಾಂತದಿಂದ ಇದನ್ನು ತೋರಿಸಿಕೊಟ್ಟಿದ್ದನು: ನೆಟ್ಟಗೆ, ಏಕವೇಗದಲ್ಲಿ ಸಾಗುವ ಹಡಗಿನ ಒಳಕೋಣೆಯಲ್ಲಿರುವವನಿಗೆ ಹಡಗು ನಿಂತಿದೆಯೋ ಹೋಗುತ್ತಿದೆಯೋ ಗೊತ್ತಾಗದು. ಭೇದ ಹೊರಬೀಳುವುದು ಹೊರಡುವಾಗ, ನಿಲ್ಲುವಾಗ, ತಿರುಗುವಾಗ. ನೆಲದ ಮೇಲೆ ಹೊರಡುವವನು ತನ್ನ ಮೈಯ ಭಾರವನ್ನೆಲ್ಲ ಮುಂದಕ್ಕೆ ತಳ್ಳಬೇಕು. ಪಟ್ಟಿಯ ಮೇಲಾದರೋ ಪಟ್ಟಿಯೇ ಹಿಂದಕ್ಕೆ ಓಡುತ್ತದೆ, ಮೈ ಇದ್ದಲ್ಲಿಯೇ ಇರುತ್ತದೆ. ಕಣ್ಣು ‘ಹೊರಟೆ’ ಎನ್ನುತ್ತದೆ. ಒಳಗಿವಿಯಲ್ಲಿರುವ ಸಮತೋಲನದ ಇಂದ್ರಿಯ ‘ಇಲ್ಲ’ ಎನ್ನುತ್ತದೆ. ಎರಡು ಸಾಕ್ಷಿಗಳ ಈ ವಿರೋಧದಿಂದ ಹೆಜ್ಜೆ ತೊಡರುವುದೂ ಹೊಟ್ಟೆ ತೊಳಸುವುದೂ ಉಂಟಾಗುತ್ತವೆ.

ಯೂಟಾ ವಿಶ್ವವಿದ್ಯಾನಿಲಯದಲ್ಲಿ ಜಾನ್ ಹಾಲರ್‌ಬಾಕ್ ಮತ್ತು ಅವರ ಸಂಗಡಿಗರು ಇದಕ್ಕೆ ಹುಡುಕಿದ ಪರಿಹಾರ ಬಹು ಚತುರವಾದುದು. ಸಾರ್ಕೋಸ್ ಸಂಸ್ಥೆಯು ತಯಾರಿಸಿದ ಟ್ರೆಡ್‌ಪೋರ್ಟ್ ಎಂಬ ದೊಡ್ಡ ಟ್ರೆಡ್‌ಮಿಲ್ಲಿನಲ್ಲಿ ನಡೆಯುವವನ ಮೈಗೆ ಪಟ್ಟೆಗಳನ್ನು ಬಿಗಿದು, ಬೆನ್ನಿನ ಕಡೆಯಿಂದ ಯಂತ್ರದ ದಂಡವೊಂದನ್ನು ಜೋಡಿಸಿದ್ದರು. ಅವನು ಹೊರಡುವಾಗ ದಂಡವು ಹಿಂದಕ್ಕೆ ಎಳೆಯುತ್ತದೆ, ನಿಲ್ಲುವಾಗ ಮುಂದಕ್ಕೆ ನೂಕುತ್ತದೆ. ಆದ್ದರಿಂದ ನೆಲದ ಮೇಲೆ ಪಡಬೇಕಾಗಿದ್ದ ಶ್ರಮವೇ ಇಲ್ಲಿಯೂ ಒದಗುತ್ತದೆ. ಪಟ್ಟಿಯನ್ನು ಓರೆ ಮಾಡದೆಯೇ ಏರುದಾರಿಯನ್ನೂ ಇಳಿಜಾರನ್ನೂ ಅದೇ ದಂಡದ ಎಳೆತ ನೂಕುಗಳಿಂದ ತೋರಿಸಿದರು. ಈ ಪರೀಕ್ಷೆಗಳಲ್ಲಿ ಹೊರಬಿದ್ದ ವಿಶೇಷವೊಂದಿದೆ: ಲೆಕ್ಕಾಚಾರದ ಪ್ರಕಾರ ಬರಬೇಕಾದ ಪೂರ್ಣ ಬಲವನ್ನು ಪ್ರಯೋಗಿಸಿದಾಗ ಅದು ಅತಿಯಾಯಿತೆಂದೂ, ಅದಕ್ಕಿಂತ ಕಡಮೆಯಾದ ಬಲವೇ ಸಹಜವೆಂದೂ ನಡೆದವರು ಅಭಿಪ್ರಾಯಪಟ್ಟರು. ಸತ್ಯದ ಪೂರ್ಣಪ್ರಮಾಣ ದೇಹಕ್ಕೆ ಸುಳ್ಳಾಗಿ ಕಂಡಿತು.

ತಿರುಗುವ ತೊಡಕು ಇದಕ್ಕಿಂತ ಕಠಿನ. ಒಂದು ಪಟ್ಟಿ ಒಂದೇ ದಿಕ್ಕಿಗೆ ಸರಿಯುತ್ತದೆ. ಮನುಷ್ಯನಾದರೋ ಎಲ್ಲ ದಿಕ್ಕುಗಳಿಗೂ ತಿರುಗುತ್ತಾನೆ. ಅಮೆರಿಕದಲ್ಲಿ ಡೇವಿಡ್ ಕಾರ್ಮೈನ್ ಅವರು ಪಟ್ಟಿಯ ಮೇಲೆಯೇ ಅಡ್ಡವಾಗಿ ಉರುಳುವ ಕೊಳವೆಗಳನ್ನು ಜೋಡಿಸಿ ಎರಡು ದಿಕ್ಕುಗಳ ಚಲನೆಯನ್ನು ಸಾಧಿಸಿದರು. ಇದರ ವರ್ಣನೆ 1997ರಲ್ಲಿ ಪ್ರಕಟವಾಯಿತು. ತ್ಸುಕುಬಾದ ಹಿರೂ ಇವಾತಾ ಅವರು ಅದೇ ಕಾಲದಲ್ಲಿ ಹಲವು ಟ್ರೆಡ್‌ಮಿಲ್ಲುಗಳನ್ನು ಪಕ್ಕಪಕ್ಕಕ್ಕೆ ಕಟ್ಟಿ, ಆ ಇಡೀ ಸಾಲನ್ನೇ ಅಡ್ಡಲಾಗಿ ಸುತ್ತಿಸಿ, ಕೊನೆಮೊದಲಿಲ್ಲದ ನೆಲವನ್ನು ನಿರ್ಮಿಸಿದರು. ಈ ಮಾರ್ಗದ ಪರಾಕಾಷ್ಠೆ ಜರ್ಮನಿಯ ಟ್ಯೂಬಿಂಗೆನ್ ನಗರದಲ್ಲಿ ಕಂಡುಬಂದಿತು. ಅಲ್ಲಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ, ಐರೋಪ್ಯ ರಾಷ್ಟ್ರಗಳ ಧನಸಹಾಯದಿಂದ ನಡೆದ ಸೈಬರ್‌ವಾಕ್ ಯೋಜನೆಯ ಫಲವಾಗಿ 2008ರಲ್ಲಿ ಪ್ರದರ್ಶಿತವಾದ ಚಲಿಸುವ ನೆಲದಲ್ಲಿ 25 ಪಟ್ಟಿಗಳಿದ್ದುವು. ತೂಕ ಸುಮಾರು 11 ಟನ್ನುಗಳು. ಒಬ್ಬ ಮನುಷ್ಯನ ಒಂದು ಹೆಜ್ಜೆಯನ್ನು ರದ್ದುಮಾಡಲು ಹನ್ನೊಂದು ಟನ್ನಿನ ಯಂತ್ರ! ಆದರೂ ಆ ಸಾಹಸವನ್ನು ಹಾಸ್ಯಮಾಡುವುದು ನ್ಯಾಯವಲ್ಲ. ತನ್ನದೇ ಪಾದರಕ್ಷೆಗಳಲ್ಲಿ, ಇಷ್ಟಬಂದ ಕಡೆಗೆ ನಡೆಯುವ ಸ್ವಾತಂತ್ರ್ಯ ಅಲ್ಲಿ ದೊರಕಿದಷ್ಟು ಬೇರೆಲ್ಲಿಯೂ ಅದಕ್ಕೆ ಹಿಂದೆ ದೊರಕಿರಲಿಲ್ಲವೆಂದು ಹೇಳಬಹುದು.

ನೆಲವನ್ನು ಸರಿಸದೆ ನಡೆಯುವವನನ್ನೇ ವಂಚಿಸುವ ಇನ್ನೊಂದು ಉಪಾಯವೂ ಹುಟ್ಟಿತು. 2001ರಲ್ಲಿ ಶರೀಫ್ ರಜಾಕ್ ಮತ್ತು ಅವರ ಸಹೋದ್ಯೋಗಿಗಳು ಸೂಚಿಸಿದಂತೆ, ತೋರಿಕೆಯ ಲೋಕವನ್ನು ಗೊತ್ತಾಗದಷ್ಟು ಮೆಲ್ಲಗೆ ತಿರುಗಿಸುತ್ತಿದ್ದರೆ, ನೆಟ್ಟಗೆ ಹೋಗುತ್ತಿರುವೆನೆಂದು ನಂಬಿದವನು ನಿಜವಾಗಿ ವೃತ್ತಾಕಾರದಲ್ಲಿ ಸುತ್ತುತ್ತಿರುತ್ತಾನೆ. ಆ ವೃತ್ತದ ತ್ರಿಜ್ಯ ಸುಮಾರು 22 ಮೀಟರಿಗಿಂತ ಕಡಮೆಯಾದರೆ ವಂಚನೆ ಬಯಲಾಗುತ್ತದೆಂದು ಜರ್ಮನಿಯ ಫ್ರಾಂಕ್ ಸ್ಟೈನಿಕೆ ಮೊದಲಾದವರು 2010ರಲ್ಲಿ ತೋರಿಸಿದರು. ಅಷ್ಟು ವಿಶಾಲವಾದ ಕೊಠಡಿ ಯಾರಲ್ಲಿದೆ? ಸೂರ್ಯನಾಗಲಿ ಚಂದ್ರನಾಗಲಿ ಕಾಣದಿದ್ದಾಗ ಮನುಷ್ಯನು ಕಾಡಿನಲ್ಲಿಯೂ ಮರಳುಗಾಡಿನಲ್ಲಿಯೂ ತನಗೆ ತಿಳಿಯದಂತೆ ಸುತ್ತು ಹೊಡೆಯುತ್ತಾನೆಂಬುದನ್ನು ಟ್ಯೂಬಿಂಗೆನ್ನಿನವರೇ 2009ರಲ್ಲಿ ಪರೀಕ್ಷೆಯಿಂದ ಸ್ಥಿರಪಡಿಸಿದ್ದರು. ದಾರಿತಪ್ಪಿದವನು ಹೊರಟಲ್ಲಿಗೇ ಬಂದನೆಂಬ ನಾಡಿನ ಮಾತಿಗೆ ಇದರಿಂದ ಆಧಾರ ದೊರೆಯಿತು.

ಈಗ ಮೊದಲು ಹೇಳಿದ ಪಾದರಕ್ಷೆಗಳಿಗೆ ಹಿಂದಿರುಗಬಹುದು. ಇವಾತಾ ಅವರು ಮೂರು ದಶಕಗಳಿಗೂ ಮೀರಿ ಈ ಒಂದೇ ಪ್ರಶ್ನೆಯನ್ನು ಬಿಡದೆ ಹಿಡಿದವರು. ಅವರ ರಚನೆಗಳ ಕ್ರಮವನ್ನು ನೋಡಿದರೆ ಪ್ರಶ್ನೆ ಹೇಗೆ ಬದಲಾಯಿತೆಂಬುದು ತಿಳಿದುಬರುತ್ತದೆ. 1989ರ ಮೊದಲನೆಯ ಮಾದರಿಯಲ್ಲಿ ಧರಿಸಿದವನ ಮೈಯನ್ನು ಪ್ಯಾರಾಚೂಟಿನವರ ಕಟ್ಟುಗಳಿಂದ ಚೌಕಟ್ಟಿಗೆ ಬಿಗಿದು, ಕಾಲಿಗೆ ಎಲ್ಲ ದಿಕ್ಕಿಗೂ ಉರುಳುವ ಚಕ್ರಗಳ ಪಾದರಕ್ಷೆಗಳನ್ನು ತೊಡಿಸುತ್ತಿದ್ದರು. ಕಟ್ಟುಗಳು ನಡಿಗೆಗೆ ಅಡ್ಡಿಯಾದುದರಿಂದ ಮುಂದೆ ಅವುಗಳಿಗೆ ಬದಲಾಗಿ ಸೊಂಟದ ಸುತ್ತ ಬಳೆಯೊಂದು ಬಂದಿತು. ಚಕ್ರಗಳಿಗೆ ಬದಲಾಗಿ ಅಡಿಯಲ್ಲಿ ನುಣುಪಾದ ಹಾಳೆಯನ್ನೂ ಬೆರಳಿನ ತುದಿಯಲ್ಲಿ ರಬ್ಬರಿನ ತಡೆಯನ್ನೂ ಹೊಂದಿದ ಚಪ್ಪಲಿಗಳು ಬಂದುವು. ಮುಂದಿಟ್ಟ ಕಾಲು ಹಿಂದಕ್ಕೆ ಜಾರುತ್ತದೆ. ಹಿಂದಿನ ಕಾಲಿನ ಬೆರಳು ನೆಲವನ್ನು ಹಿಡಿಯುತ್ತದೆ. 1995ರಲ್ಲಿ ಅಮೆರಿಕದ ಸಿಗ್ರಾಫ್ ಸಮ್ಮೇಳನದಲ್ಲಿ ನೂರಾರು ಜನ ಇವನ್ನು ಧರಿಸಿ ನಡೆದು ನೋಡಿದರು. ಹದಿನೆಂಟು ವರ್ಷಗಳ ತರುವಾಯ, 2013ರಲ್ಲಿ, ಅಮೆರಿಕದ ವರ್ಚುವಿಕ್ಸ್ ಎಂಬ ಸಂಸ್ಥೆಯು ಇದೇ ತತ್ತ್ವದ ಮೇಲೆ ಬೋಗುಣಿಯಾಕಾರದ ಪೀಠ ಮತ್ತು ಜಾರುವ ಬೂಟುಗಳಿಗಾಗಿ ಸಾರ್ವಜನಿಕರಿಂದ ಹನ್ನೊಂದು ಲಕ್ಷ ಡಾಲರುಗಳಿಗಿಂತ ಹೆಚ್ಚು ಹಣವನ್ನು ಸಂಗ್ರಹಿಸಿತು.

ಜಾರುವುದು ನಡೆಯುವುದಲ್ಲವೆಂಬ ಆಕ್ಷೇಪಣೆ ಇದಕ್ಕೆ ಮೊದಲಿನಿಂದಲೂ ಇದ್ದೇ ಇದೆ. ಮಂಜುಗಡ್ಡೆಯ ಮೇಲೆ ಕಾಲಿಟ್ಟವನಂತೆ ಇಲ್ಲಿ ಪಾದವು ನೆಲವನ್ನು ನಂಬಲಾರದು. ಆದುದರಿಂದ ಇವಾತಾ ಅವರು ಬೇರೆ ಬೇರೆ ದಾರಿಗಳನ್ನು ಹುಡುಕಿದರು. ಗೇಟ್‌ಮಾಸ್ಟರ್ ಎಂಬ ಯಂತ್ರದಲ್ಲಿ ಎರಡು ಪಾದಗಳಿಗೂ ಬೇರೆ ಬೇರೆ ಪೀಠಗಳಿದ್ದು, ಅವು ಮೇಲಕ್ಕೂ ಕೆಳಕ್ಕೂ ಚಲಿಸಿ ಮೆಟ್ಟಿಲುಗಳನ್ನೂ ಏರುತಗ್ಗುಗಳನ್ನೂ ಒದಗಿಸುತ್ತಿದ್ದುವು. 2004ರಲ್ಲಿ, ಹೆಜ್ಜೆಯಿಡುವ ಕಡೆಗೆ ತಾವೇ ಓಡಿಬಂದು ನಿಲ್ಲುವ ನಾಲ್ಕು ಹಾಸುಗಲ್ಲುಗಳಂತಹ ಯಂತ್ರಗಳನ್ನು ತೋರಿಸಿದರು. 2006ರಲ್ಲಿ ಯಂತ್ರವೇ ಪಾದರಕ್ಷೆಯಾಯಿತು: ಚಕ್ರಗಳಿರುವ ಬೂಟುಗಳು, ಬೆನ್ನ ಚೀಲದಲ್ಲಿ ಮೋಟಾರು, ಎರಡನ್ನೂ ಜೋಡಿಸುವ ಬಳುಕುವ ಸರಳುಗಳು, ಹೆಜ್ಜೆ ಎಷ್ಟು ಮುಂದೆ ಹೋಯಿತೋ ಅಷ್ಟೇ ಹಿಂದಕ್ಕೆ ಬೂಟು ತಾನೇ ಒಯ್ಯುತ್ತದೆ. ಮರುವರ್ಷ ಬೂಟುಗಳನ್ನು ದಾರಗಳಿಂದ ಎಳೆಯುವ ರಚನೆ. ಹೀಗೆ ಹದಿನೆಂಟು ವರ್ಷಗಳಲ್ಲಿ ನೆಲವು ಸಂಕುಚಿತವಾಗುತ್ತ ಬಂದು ಪಾದದಷ್ಟಾಯಿತು. ವಾಮನನು ಮೂರಡಿ ಕೇಳಿದನು. ಇಲ್ಲಿ ಎರಡಡಿ ಸಾಕಾಯಿತು.

ಇದಕ್ಕೂ ಮುಂದಿನ ಹೆಜ್ಜೆಯನ್ನಿಟ್ಟವರು ಯಂತ್ರಶಿಲ್ಪಿಗಳಿಗಿಂತ ಹೆಚ್ಚಾಗಿ ಸ್ಪರ್ಶವನ್ನೂ ಶಬ್ದವನ್ನೂ ಅಭ್ಯಾಸಮಾಡಿದ ವಿದ್ವಾಂಸರು. ಅಂಗಾಲು ನೆಲದಿಂದ ಏನನ್ನು ಕೇಳುತ್ತದೆ? ಕೆನಡದ ಪಾಲ್ ಕೆನೆಡಿ ಮತ್ತು ಟಿಮೊಥಿ ಇಂಗ್ಲಿಸ್ ಅವರು 2002ರಲ್ಲಿ ಅಂಗಾಲಿನ ಚರ್ಮದ ಸ್ಪರ್ಶತಂತುಗಳ ವ್ಯಾಪಾರವನ್ನು ಒಂದೊಂದಾಗಿ ದಾಖಲೆಮಾಡಿ, ಪಾದಕ್ಕೆ ಭಾರ ಬೀಳದಿದ್ದಾಗ ಅವು ಮೌನವಾಗಿರುತ್ತವೆಂದು ತಿಳಿಸಿದರು. ಎಂದರೆ ಗಾಳಿಯಲ್ಲಿರುವ ಪಾದಕ್ಕೆ ಹೇಳುವುದೇನೂ ಇಲ್ಲ. ನೆಲ ಮುಟ್ಟಿದ ಗಳಿಗೆಯಲ್ಲಿ ಅದು ಮಾತನಾಡತೊಡಗುತ್ತದೆ. ಹಾಗಾದರೆ ನಡಿಗೆಯನ್ನು ನಂಬಿಸಲು ಬೇಕಾದುದು ದೂರವಲ್ಲ; ಮುಟ್ಟಿದ ಗಳಿಗೆಯ ಆ ಮಾತು.

ಈ ಮಾರ್ಗದಲ್ಲಿ ಅತ್ಯಂತ ಆಶ್ಚರ್ಯಕರವಾದ ಪ್ರಮಾಣ ಮಾಂಟ್ರಿಯಲ್ಲಿನ ಮೆಗಿಲ್ ವಿಶ್ವವಿದ್ಯಾನಿಲಯದಿಂದ ಬಂದಿತು. ಯಾನ್ ವಿಸೆಲ್, ಬ್ರೂನೊ ಜೊರ್ಡಾನೊ, ಗಿಯೋಮ್ ಮಿಲೆ, ಜೆರೆಮಿ ಕೂಪರ್‌ಸ್ಟಾಕ್ ಇವರು 2011ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ನಡೆಯುವವರು ಕಾಲಿಟ್ಟೊಡನೆ ನೆಲದ ಹಲಗೆ ಸೂಕ್ಷ್ಮವಾಗಿ ಕಂಪಿಸುವಂತೆ ಮಾಡಲಾಯಿತು. ಹಲಗೆ ಗಟ್ಟಿಯಾಗಿಯೇ ಇದ್ದರೂ ಅದು ಕುಗ್ಗಿತೆಂದು, ಮೆತ್ತಗಿದೆಯೆಂದು ನಡೆದವರು ಹೇಳಿದರು. ಕಂಪನ ಹೆಚ್ಚಿದಷ್ಟೂ ನೆಲ ಮೆತ್ತಗೆ ತೋರಿತು. ಹಿಮ, ತರಗೆಲೆ, ಜಲ್ಲಿ ಇವುಗಳ ಮೇಲೆ ಕಾಲಿಟ್ಟಾಗ ಕಣಗಳು ಮುರಿದು ಸರಿಯುವುದರಿಂದ ಪಾದ ಸ್ವಲ್ಪ ಇಳಿಯುತ್ತದೆ, ಜೊತೆಯಲ್ಲಿಯೇ ನಡುಕವೂ ಹುಟ್ಟುತ್ತದೆ. ಬಾಲ್ಯದಿಂದ ಇವೆರಡನ್ನೂ ಜೊತೆಯಾಗಿಯೇ ಅರಿತ ಅಂಗಾಲು, ನಡುಕವನ್ನು ಮಾತ್ರ ಕೊಟ್ಟಾಗ ಇಳಿದುದನ್ನು ತಾನೇ ಊಹಿಸಿ ಸೇರಿಸಿಕೊಳ್ಳುತ್ತದೆಂದು ಇದಕ್ಕೆ ಸಮಾಧಾನ ಹೇಳಬಹುದು. ಹೊಗೆಯಿಂದ ಬೆಂಕಿಯನ್ನು ಊಹಿಸುವ ತಾರ್ಕಿಕರ ಅನುಮಾನವನ್ನು ಅಂಗಾಲೂ ಬಲ್ಲದು. ಆದುದರಿಂದಲೇ ಅದನ್ನು ವಂಚಿಸಲೂ ಬಹುದು.

ಕಂಪನವನ್ನು ನೆಲದಿಂದ ಚಪ್ಪಲಿಗೆ ವರ್ಗಾಯಿಸುವುದು ಕಷ್ಟವಾಗಲಿಲ್ಲ. 2008ರಿಂದ 2011ರವರೆಗೆ ಡೆನ್ಮಾರ್ಕ್, ಇಟಲಿ, ಫ್ರಾನ್ಸ್ ದೇಶಗಳ ವಿದ್ವಾಂಸರು ಸೇರಿ ನಡೆಸಿದ ಯೋಜನೆಯೊಂದರಲ್ಲಿ ಸಾಧಾರಣವಾದ ಚಪ್ಪಲಿಗಳ ಅಡಿಯನ್ನು ಕೊರೆದು, ಹಿಮ್ಮಡಿಯ ಕೆಳಗೂ ಬೆರಳುಗಳ ಕೆಳಗೂ ಒತ್ತಡವನ್ನು ಅಳೆಯುವ ಉಪಕರಣಗಳನ್ನೂ ಪುಟ್ಟ ಕಂಪನಯಂತ್ರಗಳನ್ನೂ ಹುದುಗಿಸಿದರು. ಲೂಕಾ ಟುರ್ಕೆಟ್, ಸ್ಟೆಫಾನಿಯಾ ಸೆರಾಫಿನ್, ರೋಲ್ಫ್ ನೊರ್ಡಾಲ್, ಫೆಡೆರಿಕೊ ಫೊಂಟಾನಾ, ವಿನ್ಸೆಂಟ್ ಹೇವರ್ಡ್ ಮುಂತಾದವರು ಇದರಲ್ಲಿ ಶ್ರಮಿಸಿದರು. ಹೆಜ್ಜೆಯ ಒತ್ತಡ ಹೇಗಿದೆಯೆಂಬುದನ್ನು ಗಣಕಯಂತ್ರ ತಿಳಿದು, ಹಿಮವೋ ಜಲ್ಲಿಯೋ ಮರದ ಹಲಗೆಯೋ ಆಗಿದ್ದರೆ ಹುಟ್ಟಬೇಕಾಗಿದ್ದ ನಡುಕವನ್ನೂ ಸಪ್ಪಳವನ್ನೂ ಆ ಕ್ಷಣದಲ್ಲಿಯೇ ಒದಗಿಸುತ್ತದೆ. ವಿಳಂಬವಾದರೆ ಎಲ್ಲವೂ ಕೆಟ್ಟಿತು. ಹೆಜ್ಜೆಯ ನಂತರ ಬಂದ ನಡುಕ ನೆಲದ್ದಾಗದೆ ಯಂತ್ರದ್ದಾಗುತ್ತದೆ.

ಬೇರೆ ಬಗೆಯ ಪಾದರಕ್ಷೆಗಳೂ ಬಂದಿವೆ. ಜರ್ಮನಿಯ ಪಾಟ್ಸ್‌ಡಮ್ಮಿನಲ್ಲಿ ಡೊಮಿನಿಕ್ ಶ್ಮಿಟ್ ಮೊದಲಾದವರು 2015ರಲ್ಲಿ, ಮೋಟಾರಿನಿಂದ ಉದ್ದವಾಗುವ ಮೆಟ್ಟುಗೋಲುಗಳನ್ನು ಬೂಟಿಗೆ ಜೋಡಿಸಿ ಮೆಟ್ಟಿಲನ್ನು ಹತ್ತಿದ ಅನುಭವವನ್ನು ಕೊಟ್ಟರು. 2018ರಲ್ಲಿ ಕೊರಿಯಾದವರು, ಅಯಸ್ಕಾಂತದ ಬಲಕ್ಕೆ ಸಿಕ್ಕಿದಾಗ ಗಟ್ಟಿಯಾಗುವ ಕಬ್ಬಿಣದ ಕಣಗಳುಳ್ಳ ದ್ರವವನ್ನು ಪಾದರಕ್ಷೆಯ ಅಡಿಯಲ್ಲಿರಿಸಿ, ಒಂದೇ ಬೂಟಿನಲ್ಲಿ ಕೆಸರನ್ನೂ ಕಲ್ಲನ್ನೂ ಸೃಷ್ಟಿಸಹೊರಟರು. ಮಾರುಕಟ್ಟೆಗೆ ಬಂದ ಉಪಕರಣಗಳು ಹಲವು, ಬಹುಪಾಲು ವಿನೋದಕ್ಕಾಗಿ.

ವಿನೋದವೇ ಈ ವಿದ್ಯೆಯ ಪ್ರಯೋಜನವಾಗಿದ್ದರೆ ಅದರ ಚರಿತ್ರೆಯನ್ನು ಇಷ್ಟು ವಿಸ್ತಾರವಾಗಿ ಬರೆಯಬೇಕಾಗಿರಲಿಲ್ಲ. ಗಟ್ಟಿನೆಲದ ಮೇಲೆ ನಿಂತವನಿಗೆ ಸುಳ್ಳುನೆಲವು ಆಟವಾಗಬಹುದು. ನೆಲವೇ ಕಾಲಿಗೆ ತಿಳಿಯದಂತಾದವನಿಗೆ ಅದು ಆಟವಲ್ಲ. ಇವಾತಾ ಮತ್ತು ಹಿರೋಆಕಿ ಯಾನೊ ಅವರು ಗೇಟ್‌ಮಾಸ್ಟರನ್ನು 2003ರ ವೇಳೆಗೇ ಪಾರ್ಶ್ವವಾಯುವಿನಿಂದ ಒಂದು ಕಡೆಯ ಕಾಲು ಸೋತವರ ನಡಿಗೆಯ ಶಿಕ್ಷಣಕ್ಕೆ ತಿರುಗಿಸಿದರು: ಪೀಠಗಳು ಆರೋಗ್ಯವಂತನ ಹೆಜ್ಜೆಯ ಕ್ರಮದಲ್ಲಿ ಚಲಿಸುತ್ತ ರೋಗಿಯ ಪಾದಗಳನ್ನು ನಡೆಸುತ್ತವೆ. ಅದೇ ವರ್ಷ ಬಾಸ್ಟನ್ನಿನ ಜೇಮ್ಸ್ ಕಾಲಿನ್ಸ್ ಮತ್ತು ಅವರ ಸಂಗಡಿಗರು ವೃದ್ಧರ ಪಾದಗಳ ಕೆಳಗೆ ಕಂಪಿಸುವ ಮೆತ್ತೆಗಳನ್ನಿಟ್ಟು ಪರೀಕ್ಷೆ ನಡೆಸಿದರು. ಆ ಕಂಪನ ಎಷ್ಟು ಸೂಕ್ಷ್ಮವೆಂದರೆ ನಿಂತವರಿಗೆ ಅದು ತಿಳಿಯುತ್ತಲೇ ಇರಲಿಲ್ಲ. ಆದರೂ ಅವರ ಮೈಯ ತೂಗಾಟ ಕಡಮೆಯಾಯಿತು. ಮಂದವಾದ ಅಂಗಾಲಿನ ಸ್ಪರ್ಶತಂತುಗಳನ್ನು ಆ ಅವ್ಯಕ್ತವಾದ ನಡುಕವು ಎಚ್ಚರದ ಅಂಚಿನಲ್ಲಿರಿಸಿ, ನಿಜವಾದ ನೆಲದ ಸಂದೇಶವನ್ನು ಗ್ರಹಿಸುವಂತೆ ಮಾಡುತ್ತದೆಂದು ಅವರು ವಿವರಿಸಿದರು. ವೃದ್ಧರಿಗೆ ಒಂದು ಬೀಳು ಏನನ್ನು ತರಬಲ್ಲುದೆಂಬುದನ್ನು ಬಲ್ಲವರು ಇದರ ಬೆಲೆಯನ್ನು ತಿಳಿಯುವರು.

ಎಲ್ಲಕ್ಕಿಂತ ವಿಚಾರಕ್ಕೆ ಯೋಗ್ಯವಾದುದು ಬ್ರೆಜಿಲ್ ದೇಶದ ಸಾವೊ ಪಾಲೊ ನಗರದಲ್ಲಿ ಮಿಗೆಲ್ ನಿಕೊಲೆಲಿಸ್ ಅವರ ನೇತೃತ್ವದಲ್ಲಿ ನಡೆದ ಪ್ರಯತ್ನ. ಬೆನ್ನುಹುರಿಗೆ ಪೆಟ್ಟು ಬಿದ್ದು ವರ್ಷಗಳಿಂದ ಕಾಲುಗಳಲ್ಲಿ ಚಲನೆಯೂ ಸ್ಪರ್ಶವೂ ಇಲ್ಲದ ಎಂಟು ಮಂದಿ ಅದರಲ್ಲಿ ಸೇರಿದ್ದರು. ಅವರ ಮೆದುಳಿನ ವಿದ್ಯುತ್ತರಂಗಗಳಿಂದ ನಡೆಯುವ ಇಚ್ಛೆಯನ್ನು ಗುರುತಿಸಿ, ಹೆಡ್‌ಸೆಟ್ಟಿನಲ್ಲಿ ಕಾಣುವ ಪ್ರತಿಮೆಯನ್ನು ನಡೆಸಲಾಯಿತು. ಆ ಪ್ರತಿಮೆಯ ಪಾದ ನೆಲ ಮುಟ್ಟಿದ ಸಂದೇಶವನ್ನು ರೋಗಿಯ ಪಾದಕ್ಕೆ ಕೊಡುವಂತಿರಲಿಲ್ಲ. ಕೊಟ್ಟರೂ ಅದು ಮೆದುಳನ್ನು ಮುಟ್ಟದು. ಆದುದರಿಂದ ಅಂಗಿಯ ತೋಳಿನಲ್ಲಿ ಕಂಪನಯಂತ್ರಗಳನ್ನು ಸಾಲಾಗಿರಿಸಿ, ಪ್ರತಿಯೊಂದು ಹೆಜ್ಜೆಯನ್ನೂ ಮುಂಗೈಯ ಚರ್ಮದ ಮೇಲೆ ಬರೆದರು. ಸೋಲೈಮಾನ್ ಶೋಕುರ್ ಮೊದಲಾದವರು 2016ರಲ್ಲಿ ಪ್ರಕಟಿಸಿದ ವರದಿಯಂತೆ, ಕಂಪನದ ವಿನ್ಯಾಸವನ್ನು ಬದಲಿಸಿದಾಗ ರೋಗಿಗಳು ಹುಲ್ಲು, ಮರಳು, ಕಲ್ಲುಹಾಸಿದ ಬೀದಿ ಇವುಗಳನ್ನು ಬೇರೆ ಬೇರೆಯಾಗಿ ಗುರುತಿಸಿದರು. ತೋರಿಕೆಯ ಕಾಲುಗಳು ತಮ್ಮವೇ ಎಂಬ ಭಾವನೆಯೂ ಅವರಿಗೆ ಉಂಟಾಯಿತು.

ಅದೇ ವರ್ಷ ಪ್ರಕಟವಾದ ಇನ್ನೊಂದು ವರದಿಯಲ್ಲಿ, ಹನ್ನೆರಡು ತಿಂಗಳ ಶಿಕ್ಷಣದ ತರುವಾಯ ಪೆಟ್ಟು ಬಿದ್ದ ಭಾಗದಿಂದ ಕೆಳಗೆ ಸ್ಪರ್ಶವೂ ಕೆಲವು ಸ್ನಾಯುಗಳ ಮೇಲೆ ಸ್ವಂತ ಅಧಿಕಾರವೂ ಅಲ್ಪಸ್ವಲ್ಪವಾಗಿ ಹಿಂದಿರುಗಿತೆಂದೂ, ಎಂಟು ಮಂದಿಯಲ್ಲಿ ನಾಲ್ವರನ್ನು ಪೂರ್ಣ ಪಕ್ಷಾಘಾತದ ವರ್ಗದಿಂದ ಅಪೂರ್ಣದ ವರ್ಗಕ್ಕೆ ಬದಲಿಸಬೇಕಾಯಿತೆಂದೂ ಹೇಳಿದೆ. ಈ ಫಲವನ್ನು ತೋಳಿನ ಕಂಪನಕ್ಕೇ ಸಲ್ಲಿಸುವುದು ಆತುರವಾದೀತು. ತೋರಿಕೆಯ ಲೋಕದ ಅಭ್ಯಾಸ, ಮೈಯನ್ನು ಎತ್ತಿ ಹಿಡಿದು ನಡೆಸುವ ಯಂತ್ರಗಳ ಅಭ್ಯಾಸ, ಸ್ಪರ್ಶದ ಸಂದೇಶ ಇವೆಲ್ಲವನ್ನೂ ಒಂದೇ ಗುಂಪಿನ ಮೇಲೆ ಕೂಡಿಯೇ ಪ್ರಯೋಗಿಸಿರುವುದರಿಂದ ಯಾವುದರ ಪಾಲು ಎಷ್ಟೆಂದು ಬಿಡಿಸಿ ಹೇಳಲು ಆ ಪರೀಕ್ಷೆಯಿಂದ ಸಾಧ್ಯವಿಲ್ಲ. ಎಂಟು ಮಂದಿ ಬಹಳ ಚಿಕ್ಕ ಸಂಖ್ಯೆ. ಅವರಲ್ಲಿ ಯಾರೂ ಎದ್ದು ಮೊದಲಿನಂತೆ ಓಡಾಡಲಿಲ್ಲ. ಆದರೆ ಕಾಲುಗಳಿಂದ ಯಾವ ಸುದ್ದಿಯೂ ಬಾರದೆ ವರ್ಷಗಳು ಕಳೆದಿದ್ದ ಆ ಮನುಷ್ಯರು, ಮುಂಗೈಯ ಮೇಲೆ ಆಡಿದ ನಡುಕವನ್ನು ತಮ್ಮ ಅಂಗಾಲಿನ ಕೆಳಗಣ ಮರಳೆಂದು ಗುರುತಿಸಿದುದು ವರದಿಯಲ್ಲಿ ದಾಖಲಾಗಿದೆ.